ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಬಲ್ಬು ಬದಲಿಸುವ ಮುನ್ನ ಮೀಟರು ನೋಡಿ

ಎಲ್‌ಇಡಿ ದೀಪಗಳು ನಿಜಕ್ಕೂ ಎಷ್ಟು ವಿದ್ಯುತ್ ಉಳಿಸುತ್ತವೆ ಎಂದು ಕೇಳಿ ಓದುಗರಿಂದ ಬಂದ ಪತ್ರಗಳ ಸಂಖ್ಯೆ ದೊಡ್ಡದಾಗಿರುವುದರಿಂದ ಈ ಸಲದ ಅಂಕಣವನ್ನು ಅವಕ್ಕೇ ಮೀಸಲಿಟ್ಟಿದ್ದೇವೆ. ಸಾವಿರ ವ್ಯಾಟಿನ ಉಪಕರಣ ಒಂದು ಗಂಟೆ ಓಡಿದರೆ ಖರ್ಚಾಗುವ ವಿದ್ಯುತ್ತೇ ಒಂದು ಯೂನಿಟ್. ಲೆಕ್ಕಗಳಲ್ಲೆಲ್ಲ ಯೂನಿಟ್‌ಗೆ 6 ರೂಪಾಯಿ ದರವನ್ನೂ ತಿಂಗಳಿಗೆ 30 ದಿನಗಳನ್ನೂ ಹಿಡಿಯಲಾಗಿದೆ. ನಿಮ್ಮ ಬಿಲ್ಲಿನಲ್ಲಿರುವ ದರ ಬೇರೆಯಾಗಿದ್ದರೆ ಅದನ್ನೇ ಹಾಕಿ ಗುಣಿಸಿಕೊಳ್ಳಬೇಕಾಗಿ ಕೋರಿಕೆ.

ಪ್ರಶ್ನೆ: ನಮ್ಮ ನಡುಮನೆಯಲ್ಲಿ 60 ವ್ಯಾಟಿನ ಹಳೆಯ ಬುರುಡೆ ಬಲ್ಬ್ ಇತ್ತು. ಅಂಗಡಿಯವರು 9 ವ್ಯಾಟಿನ ಎಲ್‌ಇಡಿ ಕೊಟ್ಟು, ಬೆಳಕು ಅಷ್ಟೇ ಬರುತ್ತದೆ, ಕರೆಂಟು ಮಾತ್ರ ಆರೇಳರಲ್ಲಿ ಒಂದು ಪಾಲು ಸಾಕು ಎಂದರು. ಇದು ನಂಬುವ ಮಾತೇ? ಮನೆಯಲ್ಲೇ ಪರೀಕ್ಷೆ ಮಾಡಿ ನೋಡಲು ದಾರಿಯಿದೆಯೇ? (ಓದುಗರೊಬ್ಬರು, ಹಾಸನ)

ಉತ್ತರ: ಅಂಗಡಿಯವರು ಹೇಳಿದ್ದು ಸರಿಯಾಗಿಯೇ ಇದೆ. ವ್ಯಾಟ್ ಬೆಳಕಿನ ಅಳತೆ ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ಬಹಳ ಕಾಲದಿಂದ ಬೇರೂರಿದೆ. ಎತ್ತು ಎಷ್ಟು ಮೇವು ತಿನ್ನುತ್ತದೆ ಎಂಬುದನ್ನು ನೋಡಿ ಅದು ಎಷ್ಟು ಗದ್ದೆ ಉಳುತ್ತದೆ ಎಂದು ಹೇಳಲಾಗದು. ವ್ಯಾಟ್ ಎಂಬುದು ಬಲ್ಬಿನ ಮೇವು. ಅದು ಕೊಡುವ ಬೆಳಕಿನ ಅಳತೆ ಲ್ಯೂಮೆನ್. 60 ವ್ಯಾಟಿನ ಬುರುಡೆ ಬಲ್ಬಿನಿಂದ ಸುಮಾರು 700 ಲ್ಯೂಮೆನ್ ಬೆಳಕು ಬರುತ್ತದೆ. ಉತ್ತಮ ಗುಣಮಟ್ಟದ 9 ವ್ಯಾಟಿನ ಎಲ್‌ಇಡಿ ಬಲ್ಬಿನಿಂದ 800ರಿಂದ 900 ಲ್ಯೂಮೆನ್ ಬರುತ್ತದೆ. ಅಂದರೆ ಬೆಳಕು ತುಸು ಹೆಚ್ಚೇ ಹೊರತು ಕಡಿಮೆಯಲ್ಲ.

ಇಷ್ಟೊಂದು ಅಂತರಕ್ಕೆ ಕಾರಣ ಎರಡೂ ಬಲ್ಬುಗಳು ಬೆಳಕು ಹುಟ್ಟಿಸುವ ರೀತಿಯಲ್ಲೇ ಇದೆ. ಬುರುಡೆ ಬಲ್ಬಿನೊಳಗೆ ಟಂಗ್‌ಸ್ಟನ್ ಲೋಹದ ಕೂದಲೆಳೆಯಂಥ ತಂತಿಯಿದ್ದು, ಅದು ಸುಮಾರು 2,500 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯ್ದಾಗ ಹೊಮ್ಮುವ ಪ್ರಭೆಯೇ ನಮಗೆ ಸಿಗುವ ಬೆಳಕು. ಕಾಯ್ದ ತಂತಿ ಹೊರಹಾಕುವುದರಲ್ಲಿ ನಮ್ಮ ಕಣ್ಣಿಗೆ ಕಾಣುವ ಭಾಗ ನೂರಕ್ಕೆ ಐದರಷ್ಟು ಮಾತ್ರ, ಮಿಕ್ಕಿದ್ದೆಲ್ಲ ಶಾಖ. ಬೆಳಕು ಕೊಡುವ ಒಲೆ ಎಂದು ಅದನ್ನು ಕರೆದರೆ ತಪ್ಪಾಗಲಾರದು. ಎಲ್‌ಇಡಿಯಲ್ಲಿ ಯಾವುದನ್ನೂ ಕೆಂಪಗೆ ಕಾಯಿಸುವುದಿಲ್ಲ. ಅರೆವಾಹಕ ಹರಳಿನ ಮೂಲಕ ವಿದ್ಯುತ್ ಹರಿಯುವಾಗ ಎಲೆಕ್ಟ್ರಾನುಗಳು ಕಳೆದುಕೊಳ್ಳುವ ಶಕ್ತಿಯೇ ನೇರವಾಗಿ ಬೆಳಕಾಗುತ್ತದೆ. ಕೆಂಪು ಬೆಳಕಿನ ಎಲ್‌ಇಡಿ 1962ರಲ್ಲೇ ಬಂದಿತ್ತಾದರೂ ಬಿಳಿ ಬೆಳಕು ಪಡೆಯಲು ನೀಲಿ ಎಲ್‌ಇಡಿ ಬೇಕಾಗಿತ್ತು, ಅದಕ್ಕೆ ಮತ್ತೆ ಮೂವತ್ತು ವರ್ಷ ಹಿಡಿಯಿತು. ನೀಲಿ ಎಲ್‌ಇಡಿಯನ್ನು ಸಾಧ್ಯವಾಗಿಸಿದ ಇಸಾಮು ಅಕಸಾಕಿ, ಹಿರೋಷಿ ಅಮಾನೊ ಮತ್ತು ಶುಜಿ ನಕಮುರಾ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂದಿತು. ಇಂದು ನಿಮ್ಮ ನಡುಮನೆಯಲ್ಲಿರುವ ಬಲ್ಬಿನ ಒಳಗಿರುವುದೂ ನೀಲಿ ಹರಳೇ. ಅದರ ಮೇಲೆ ಬಳಿದ ಹಳದಿ ಪುಡಿಯಿಂದಾಗಿ ಬೆಳಕು ಬಿಳಿಯಾಗಿ ಕಾಣುತ್ತದೆ. ಎಲ್‌ಇಡಿ ಬಿಸಿಯಾಗುವುದೇ ಇಲ್ಲ ಎಂಬ ಮಾತು ಮಾತ್ರ ಸುಳ್ಳು. ಅದರ ಬುಡವನ್ನು ಮುಟ್ಟಿದರೆ ಬಿಸಿ ತಿಳಿಯುತ್ತದೆ, ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಇನ್ನು ಪರೀಕ್ಷೆಯ ವಿಚಾರ. ನಿಮ್ಮ ಮನೆಯದು ಡಿಜಿಟಲ್ ಮೀಟರ್ ಆಗಿದ್ದರೆ ಅದರ ಮುಖದ ಮೇಲೆ ಆಗಾಗ ಮಿಣುಕುವ ಚಿಕ್ಕದೊಂದು ಕೆಂಪು ದೀಪವಿರುತ್ತದೆ. ಅದರ ಪಕ್ಕದಲ್ಲಿ 3200 ಅಥವಾ 1600 ಎಂಬಂಥ ಸಂಖ್ಯೆ ಮುದ್ರಿತವಾಗಿರುತ್ತದೆ. ಒಂದು ಯೂನಿಟ್ ಖರ್ಚಾಗಲು ಆ ದೀಪ ಅಷ್ಟು ಸಲ ಮಿಣುಕಬೇಕು ಎಂದು ಅದರ ಅರ್ಥ. ಫ್ರಿಜ್, ಟಿವಿ, ಮೊಬೈಲ್ ಚಾರ್ಜರ್, ಇಂಟರ್‌ನೆಟ್‌ನ ಡಬ್ಬಿ ಎಲ್ಲದರ ಪ್ಲಗ್ ತೆಗೆದು, ಇನ್ವರ್ಟರ್ ಇದ್ದರೆ ಅದನ್ನೂ ಬಿಡಿಸಿ, ಪರೀಕ್ಷೆಯ ಬಲ್ಬೊಂದನ್ನೇ ಉರಿಸಿ ಮೀಟರಿನ ಮುಂದೆ ಗಡಿಯಾರ ಹಿಡಿದು ನಿಂತುಕೊಳ್ಳಿ. 3200ರ ಮೀಟರಿನಲ್ಲಿ 60 ವ್ಯಾಟಿನ ಬುರುಡೆ ಬಲ್ಬ್ ಉರಿಯುತ್ತಿದ್ದರೆ ಸುಮಾರು 19 ಸೆಕೆಂಡಿಗೆ ಒಂದು ಮಿಣುಕು ಕಾಣುತ್ತದೆ. 9 ವ್ಯಾಟಿನ ಎಲ್‌ಇಡಿ ಹಾಕಿದರೆ ಒಂದು ಮಿಣುಕಿನಿಂದ ಇನ್ನೊಂದಕ್ಕೆ ಎರಡು ನಿಮಿಷಕ್ಕೂ ಹೆಚ್ಚು, ಲೆಕ್ಕದ ಪ್ರಕಾರ 125 ಸೆಕೆಂಡು, ಕಾಯಬೇಕಾಗುತ್ತದೆ. ಮೊದಲ ಸಲ ಹೀಗೆ ಕಾಯುವಾಗ ನನಗೆ ಮೀಟರು ಕೆಟ್ಟಿದೆಯೇನೋ ಎಂದೇ ಅನ್ನಿಸಿತ್ತು. ಎಲ್ಲ ಆರಿಸಿದ ಮೇಲೂ ಮೀಟರು ಮಿಣುಕುತ್ತಲೇ ಇದ್ದರೆ ಎಲ್ಲೋ ಏನೋ ಹಚ್ಚಿಯೇ ಇದೆ ಎಂದು ತಿಳಿಯಿರಿ.

ರೂಪಾಯಿಯ ಲೆಕ್ಕ ಹೀಗಿದೆ. ದಿನಕ್ಕೆ 5 ಗಂಟೆ ಉರಿದರೆ 60 ವ್ಯಾಟಿನ ಬಲ್ಬಿಗೆ ತಿಂಗಳಿಗೆ 9 ಯೂನಿಟ್, ಅಂದರೆ 54 ರೂಪಾಯಿ, ಎಲ್‌ಇಡಿಗೆ 1.35 ಯೂನಿಟ್, ಅಂದರೆ 8 ರೂಪಾಯಿ. ಎಲ್‌ಇಡಿ ಬಲ್ಬಿಗೆ ನೂರು ರೂಪಾಯಿ ಕೊಟ್ಟಿದ್ದರೂ ಎರಡು ತಿಂಗಳು ಕಳೆದು ಸ್ವಲ್ಪ ದಿನಕ್ಕೆ ಅದು ವಸೂಲಾಗುತ್ತದೆ.

ಪ್ರಶ್ನೆ: ಮನೆಯ ಬಲ್ಬುಗಳನ್ನೆಲ್ಲ ಎಲ್‌ಇಡಿಗೆ ಬದಲಿಸಿದ್ದೇವೆ. ದೇವರ ಕೋಣೆಯಲ್ಲಿ ಹಗಲೂ ರಾತ್ರಿ ಉರಿಯುವ ಕೆಂಪು ಜೀರೋ ಬಲ್ಬ್ ಒಂದನ್ನು ಮಾತ್ರ ಹಾಗೆಯೇ ಬಿಟ್ಟಿದ್ದೇವೆ, ಏಕೆಂದರೆ ಅದು ಹೇಗೂ ಜೀರೋ. ಆದರೂ ಬಿಲ್ಲು ನಿರೀಕ್ಷಿಸಿದಷ್ಟು ಇಳಿದಿಲ್ಲ. (ಓದುಗರೊಬ್ಬರು, ಕುಂದಾಪುರ)

ಉತ್ತರ: ನಿಮ್ಮ ಮನೆಯಲ್ಲಿ ಅತಿ ಹೆಚ್ಚು ವಿದ್ಯುತ್ ನುಂಗುತ್ತಿದ್ದ ದೀಪವನ್ನೇ ಬಿಟ್ಟು ಉಳಿದವನ್ನು ಬದಲಿಸಿದಂತಾಗಿದೆ. ಜೀರೋ ಬಲ್ಬ್ ಎಂಬುದು ಹೆಸರಿಗಷ್ಟೇ ಸೊನ್ನೆ. ಅದರೊಳಗೂ ಕಾಯುವ ತಂತಿಯೇ ಇದ್ದು, ಸಾಮಾನ್ಯವಾಗಿ 10ರಿಂದ 15 ವ್ಯಾಟ್ ತೆಗೆದುಕೊಳ್ಳುತ್ತದೆ. ತಿರುಗುವ ತಟ್ಟೆಯ ಹಳೆಯ ಮೀಟರುಗಳಲ್ಲಿ ಇಷ್ಟು ಸಣ್ಣ ಹೊರೆಗೆ ತಟ್ಟೆ ಸರಿಯಾಗಿ ತಿರುಗುತ್ತಿರಲಿಲ್ಲವಾದ್ದರಿಂದ ಆ ಹೆಸರು ನಿಂತಿತು ಎಂದು ವೈರಿಂಗ್ ಕೆಲಸದ ಹಿರಿಯರು ಹೇಳುವುದುಂಟು. ಈಗಿನ ಡಿಜಿಟಲ್ ಮೀಟರಿಗೆ ಆ ದಾಕ್ಷಿಣ್ಯವಿಲ್ಲ.

15 ವ್ಯಾಟಿನ ಬಲ್ಬು 24 ಗಂಟೆ ಉರಿದರೆ ದಿನಕ್ಕೆ 0.36 ಯೂನಿಟ್, ತಿಂಗಳಿಗೆ 10.8 ಯೂನಿಟ್. ಮೇಲಿನ ಉತ್ತರದಲ್ಲಿ ದಿನಕ್ಕೆ 5 ಗಂಟೆ ಉರಿದ 60 ವ್ಯಾಟಿನ ಬಲ್ಬು ತಿಂಗಳಿಗೆ ಖರ್ಚು ಮಾಡಿದ್ದು 9 ಯೂನಿಟ್ ಎಂಬುದನ್ನು ಗಮನಿಸಿ. ಮೀಟರು ಲೆಕ್ಕ ಹಾಕುವುದು ವ್ಯಾಟನ್ನಲ್ಲ, ವ್ಯಾಟನ್ನು ಗಂಟೆಯಿಂದ ಗುಣಿಸಿ ಬಂದದ್ದನ್ನು. ಅರ್ಧ ವ್ಯಾಟಿನ ಎಲ್‌ಇಡಿ ರಾತ್ರಿದೀಪಗಳು ಅದೇ ಹೋಲ್ಡರಿಗೆ ಕೂರುವಂತೆ, ಕೆಂಪು ಬಣ್ಣದಲ್ಲೇ ಸಿಗುತ್ತವೆ. ಅಂಥದೊಂದನ್ನು ಹಾಕಿದರೆ ತಿಂಗಳಿಡೀ ಉರಿದರೂ 0.36 ಯೂನಿಟ್, ಅಂದರೆ ಹಳೆಯ ಬಲ್ಬಿನ ಒಂದೇ ದಿನದ ಖರ್ಚು. ಹಾಗೆಯೇ ಅಟ್ಟದಲ್ಲೋ ಉಗ್ರಾಣದಲ್ಲೋ ದಿನಕ್ಕೆ ಐದು ನಿಮಿಷ ಹತ್ತುವ ಬುರುಡೆ ಬಲ್ಬನ್ನು ಅದು ತಾನಾಗಿ ಕೆಡುವವರೆಗೂ ಬದಲಿಸುವ ಅವಸರ ಬೇಡ. ಅದರ ತಿಂಗಳ ಖರ್ಚು ಎರಡು ರೂಪಾಯಿಯೂ ಆಗುವುದಿಲ್ಲ.

ಪ್ರಶ್ನೆ: ನನ್ನದು ಚಿಕ್ಕ ಹೊಲಿಗೆ ಅಂಗಡಿ. ಆರು ಹಳೆಯ ಟ್ಯೂಬ್‌ಲೈಟುಗಳು ದಿನಕ್ಕೆ ಹನ್ನೆರಡು ಗಂಟೆ ಉರಿಯುತ್ತವೆ. ಟ್ಯೂಬ್‌ಲೈಟು ಮೊದಲೇ ಕರೆಂಟು ಉಳಿಸುವಂಥದು, ಅದನ್ನು ಬದಲಿಸಿ ಪ್ರಯೋಜನವಿಲ್ಲ ಎಂದು ಕೆಲವರು ಹೇಳುತ್ತಾರೆ. ಪಕ್ಕದ ಅಂಗಡಿಯವರು ಎಲ್‌ಇಡಿ ಹಾಕಿದ ಮೇಲೆ ಬಣ್ಣಗಳೇ ಬೇರೆಯಾಗಿ ಕಾಣುತ್ತವೆ ಎನ್ನುತ್ತಾರೆ. (ಓದುಗರೊಬ್ಬರು, ದಾವಣಗೆರೆ)

ಉತ್ತರ: ಬುರುಡೆ ಬಲ್ಬಿಗೆ ಹೋಲಿಸಿದರೆ ಟ್ಯೂಬ್‌ಲೈಟು ಮಿತವ್ಯಯಿ ಎಂಬುದು ನಿಜ. ಆದರೆ ಹಳೆಯ ಟ್ಯೂಬಿನ ಮೇಲೆ ಬರೆದಿರುವ 40 ಅಥವಾ 36 ವ್ಯಾಟ್ ಪೂರ್ತಿ ಲೆಕ್ಕವಲ್ಲ. ಟ್ಯೂಬಿನ ಪಟ್ಟಿಯೊಳಗೆ ತಾಮ್ರದ ತಂತಿ ಸುತ್ತಿದ ಭಾರವಾದ ಚೋಕ್ ಇದ್ದರೆ ಅದೊಂದೇ 10ರಿಂದ 14 ವ್ಯಾಟನ್ನು ಶಾಖವಾಗಿ ಕಳೆಯುತ್ತದೆ. ಟ್ಯೂಬು ಒಂದು ಗಂಟೆ ಉರಿದ ಮೇಲೆ ಆರಿಸಿ, ಪಟ್ಟಿಯ ಮೇಲೆ ಕೈಯಿಟ್ಟರೆ ಚೋಕ್ ಎಲ್ಲಿದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ಹಳೆಯ ಟ್ಯೂಬಿಗೆ ಚೋಕೂ ಸೇರಿ 52 ವ್ಯಾಟ್ ಎಂದು ಹಿಡಿಯೋಣ. ಅದರ ಬದಲಿಗೆ ಹಾಕುವ ಎಲ್‌ಇಡಿ ಪಟ್ಟಿಯದು 20 ವ್ಯಾಟ್.

ಆರು ಹಳೆಯ ಟ್ಯೂಬುಗಳು ದಿನಕ್ಕೆ 12 ಗಂಟೆಯಂತೆ ತಿಂಗಳಿಗೆ ಸುಮಾರು 112 ಯೂನಿಟ್ ತೆಗೆದುಕೊಂಡರೆ ಆರು ಎಲ್‌ಇಡಿಗಳು 43 ಯೂನಿಟ್ ತೆಗೆದುಕೊಳ್ಳುತ್ತವೆ. ಉಳಿತಾಯ 69 ಯೂನಿಟ್, ನಮ್ಮ 6 ರೂಪಾಯಿ ದರದಲ್ಲಿ 414 ರೂಪಾಯಿ. ಅಂಗಡಿಗಳಿಗೆ ವಾಣಿಜ್ಯ ದರ ಅನ್ವಯಿಸುವುದರಿಂದ ನಿಮಗೆ ಉಳಿಯುವುದು ಇದಕ್ಕಿಂತ ಹೆಚ್ಚೇ. ಒಂದು ಪಟ್ಟಿಗೆ 250 ರೂಪಾಯಿ ಬಿದ್ದರೂ ನಾಲ್ಕು ತಿಂಗಳೊಳಗೆ ಹಾಕಿದ ಹಣ ಕೈಸೇರುತ್ತದೆ. ಹೊಸ ಟ್ಯೂಬೊಂದರಿಂದ ಸುಮಾರು 2,400 ಲ್ಯೂಮೆನ್, ಎಲ್‌ಇಡಿ ಪಟ್ಟಿಯಿಂದ 2,000 ಲ್ಯೂಮೆನ್ ಬರುವುದಾದರೆ ಬೆಳಕು ಕಡಿಮೆಯಾಗುವುದಿಲ್ಲವೇ ಎಂದು ನೀವು ಕೇಳಬಹುದು. ಟ್ಯೂಬು ಸುತ್ತಲೂ ಬೆಳಕು ಚೆಲ್ಲುತ್ತದೆ, ಅದರಲ್ಲಿ ಒಂದು ಪಾಲು ಸೂರಿಗೂ ಪಟ್ಟಿಗೂ ಹೋಗಿ ನಷ್ಟವಾಗುತ್ತದೆ. ಎಲ್‌ಇಡಿ ಪಟ್ಟಿ ತನ್ನ ಬೆಳಕನ್ನೆಲ್ಲ ಮುಂದಕ್ಕೇ ಹಾಯಿಸುತ್ತದೆ. ಹೊಲಿಗೆ ಯಂತ್ರದ ಮೇಲೆ ಬೀಳುವ ಬೆಳಕಿನಲ್ಲಿ ಹೆಚ್ಚಿನ ವ್ಯತ್ಯಾಸ ನಿಮಗೆ ಕಾಣಲಾರದು. ನಿಮ್ಮಲ್ಲಿರುವುದು ತಾಮ್ರದ ಚೋಕಿನ ಟ್ಯೂಬಲ್ಲ, ಎಲೆಕ್ಟ್ರಾನಿಕ್ ಚೋಕಿನ 28 ವ್ಯಾಟಿನ ತೆಳು ಟ್ಯೂಬ್ ಎಂದಾದರೆ ಮಾತು ಬೇರೆ. ಅಲ್ಲಿ ಉಳಿಯುವುದು ಹತ್ತು ವ್ಯಾಟಿನ ಆಸುಪಾಸು, ಹಾಗಾಗಿ ಅವು ಆಯಸ್ಸು ಮುಗಿಸುವವರೆಗೆ ಕಾಯಬಹುದು.

ಬಣ್ಣದ ಬಗ್ಗೆ ನಿಮ್ಮ ನೆರೆಯವರ ದೂರನ್ನು ತಳ್ಳಿಹಾಕುವಂತಿಲ್ಲ. ಬೆಳಕೊಂದು ವಸ್ತುವಿನ ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದಕ್ಕೆ ಸಿಆರ್‌ಐ ಎಂಬ ಅಳತೆಯಿದೆ. ಬುರುಡೆ ಬಲ್ಬಿಗೆ ಅದು ಹೆಚ್ಚುಕಡಿಮೆ 100. ಸಾಧಾರಣ ಎಲ್‌ಇಡಿಗೆ 80ರ ಸುತ್ತಮುತ್ತ, ತೀರಾ ಅಗ್ಗದವುಗಳಲ್ಲಿ ಇನ್ನೂ ಕಡಿಮೆ. ಈ ಕೊರತೆ ಹೆಚ್ಚಾಗಿ ಕಾಣುವುದು ಕಡುಗೆಂಪಿನಲ್ಲಿ. ಕೆಂಪು ರೇಷ್ಮೆ ಸೀರೆಯ ಕುಪ್ಪಸಕ್ಕೆ ದಾರ ಹೊಂದಿಸುವಾಗ ಅಂಗಡಿಯೊಳಗೆ ಒಂದೇ ಎಂದು ಕಂಡ ಎರಡು ಕೆಂಪುಗಳು ಗಿರಾಕಿ ಬಾಗಿಲಾಚೆ ಬಿಸಿಲಿಗೆ ಹಿಡಿದ ಕೂಡಲೇ ಬೇರೆಬೇರೆಯಾಗುವುದು ಈ ಕಾರಣಕ್ಕೆ. ನಿಮ್ಮ ಕಸುಬಿಗೆ ಡಬ್ಬದ ಮೇಲೆ ಸಿಆರ್‌ಐ 90 ಅಥವಾ ಹೆಚ್ಚು ಎಂದು ಮುದ್ರಿಸಿರುವ ದೀಪವನ್ನು ಆರಿಸುವುದು ಸೂಕ್ತ. ಆರಕ್ಕೆ ಆರೂ ಬೇಕಾಗಿಲ್ಲ, ಬಟ್ಟೆ ಕತ್ತರಿಸುವ ಮೇಜಿನ ಮೇಲಿನ ಒಂದೆರಡು ಸಾಕು.

ಪ್ರಶ್ನೆ: ಗೃಹಜ್ಯೋತಿಯಿಂದ ನಮ್ಮ ಬಿಲ್ಲು ಸೊನ್ನೆ ಬರುತ್ತಿದೆ. ಹೀಗಿರುವಾಗ ಕೈಯಿಂದ ದುಡ್ಡು ಹಾಕಿ ಎಲ್‌ಇಡಿ ಕೊಳ್ಳುವುದರಲ್ಲಿ ಅರ್ಥವಿದೆಯೇ? (ಓದುಗರೊಬ್ಬರು, ಕೊಪ್ಪಳ)

ಉತ್ತರ: ನಿಮ್ಮ ಬಳಕೆ ವರ್ಷವಿಡೀ ಅರ್ಹ ಯೂನಿಟ್‌ಗಳ ಒಳಗೇ ಇದ್ದರೆ ಎಲ್‌ಇಡಿಯಿಂದ ನಿಮ್ಮ ಜೇಬಿಗೆ ನೇರ ಲಾಭವಿಲ್ಲ ಎಂದು ಒಪ್ಪಿಕೊಳ್ಳಲೇಬೇಕು. ಆದರೆ ಯೋಜನೆಯ ಕಟ್ಟಳೆಯನ್ನು ಒಮ್ಮೆ ನೆನಪಿಸಿಕೊಳ್ಳಿ. 2023ರಲ್ಲಿ ಜಾರಿಗೆ ಬಂದ ಈ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತವಲ್ಲ. 2022–23ರಲ್ಲಿ ನೀವು ತಿಂಗಳಿಗೆ ಸರಾಸರಿ ಬಳಸಿದ್ದಕ್ಕೆ ಶೇ 10ರಷ್ಟು ಸೇರಿಸಿದರೆ ಬರುವುದು ನಿಮ್ಮ ಪಾಲು, 200 ಯೂನಿಟ್ ಎಂಬುದು ಅದರ ಮೇಲಿನ ಮಿತಿ. ತೀರಾ ಕಡಿಮೆ ಬಳಸುತ್ತಿದ್ದ ಮನೆಗಳಿಗೆ ಆಮೇಲೆ ಶೇ 10ರ ಬದಲು 10 ಯೂನಿಟ್ ಸೇರಿಸಿ ಕೊಡಲಾಯಿತು. ಪಾಲನ್ನು ಮೀರಿದರೆ ಮೀರಿದಷ್ಟಕ್ಕೆ ಹಣ ಕಟ್ಟಬೇಕು, 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲನ್ನು ಕಟ್ಟಬೇಕು.

ನಿಮ್ಮ ಸರಾಸರಿ 90 ಯೂನಿಟ್ ಇತ್ತು ಎನ್ನೋಣ. ಪಾಲು 99 ಆಯಿತು. ಕೊಪ್ಪಳದ ಏಪ್ರಿಲ್‌, ಮೇ ಸೆಕೆಯಲ್ಲಿ ಫ್ಯಾನು, ಕೂಲರು ಇಡೀ ರಾತ್ರಿ ತಿರುಗಿ ಬಳಕೆ 120ಕ್ಕೆ ಏರಿದರೆ 21 ಯೂನಿಟ್‌ಗೆ ಹಣ ಕೊಡಬೇಕು. ದಿನಕ್ಕೆ ಐದು ಗಂಟೆ ಉರಿಯುವ ಎರಡು ಬುರುಡೆ ಬಲ್ಬು, ಒಂದು ಹಳೆಯ ಟ್ಯೂಬ್ ಬದಲಿಸಿದರೆ ಹೆಚ್ಚುಕಡಿಮೆ ಆ 21 ಯೂನಿಟ್ ಅಲ್ಲಿಯೇ ಸಿಗುತ್ತದೆ. ಮನೆಗೆ ಫ್ರಿಜ್ ತರುವ ಯೋಚನೆ ಇದ್ದರಂತೂ ಅದಕ್ಕೆ ಬೇಕಾದ ಯೂನಿಟ್‌ಗಳನ್ನು ಮೊದಲು ದೀಪಗಳಲ್ಲಿ ಉಳಿಸಿಕೊಳ್ಳುವುದು ಜಾಣತನ.

ಪ್ರಶ್ನೆ: ಎಲ್‌ಇಡಿ 25,000 ಗಂಟೆ ಬಾಳುತ್ತದೆ ಎಂದು ಡಬ್ಬದ ಮೇಲೆ ಬರೆದಿರುತ್ತಾರೆ. ನಮ್ಮ ಗೇಟಿನ ದೀಪ ವರ್ಷ ತುಂಬುವ ಮೊದಲೇ ಹೋಗುತ್ತದೆ. ಮೈಸೂರು ಲ್ಯಾಂಪ್ಸ್ ಕಾಲದ ಬಲ್ಬು ಇದಕ್ಕಿಂತ ಹೆಚ್ಚು ಬಾಳುತ್ತಿತ್ತಲ್ಲವೇ? (ಓದುಗರೊಬ್ಬರು, ಶಿರಸಿ)

ಉತ್ತರ: ಮೈಸೂರು ಲ್ಯಾಂಪ್ಸ್ ಎಂದ ಕೂಡಲೇ ನಮ್ಮ ತಲೆಮಾರಿನ ಅನೇಕರಿಗೆ ಮಲ್ಲೇಶ್ವರದ ಕಾರ್ಖಾನೆ ಕಣ್ಣೆದುರು ಬರುತ್ತದೆ. 1936ರಲ್ಲಿ ಆರಂಭವಾಗಿ ಕನ್ನಡ ನಾಡಿನ ಮನೆಮನೆಗೆ ಬಲ್ಬು ಕೊಟ್ಟ ಸಂಸ್ಥೆಯ ಮೇಲಿನ ಅಭಿಮಾನ ನನಗೂ ಇದೆ. ಆದರೂ ಬುರುಡೆ ಬಲ್ಬಿನ ಸಾಮಾನ್ಯ ಆಯಸ್ಸು ಸುಮಾರು 1,000 ಗಂಟೆ. ದಿನಕ್ಕೆ 5 ಗಂಟೆ ಉರಿದರೆ ಏಳು ತಿಂಗಳಿಗೆ ತಂತಿ ಕಡಿಯುತ್ತಿತ್ತು. ಹತ್ತು ರೂಪಾಯಿಯ ಬಲ್ಬಾದ್ದರಿಂದ ನಾವು ದಿನ ಎಣಿಸುತ್ತಿರಲಿಲ್ಲ, ಅಷ್ಟೆ.

ನಿಮ್ಮ ಗೇಟಿನ ದೀಪವು ನಾಲ್ಕೂ ಕಡೆ ಮುಚ್ಚಿದ ಗಾಜಿನ ಗೂಡಿನೊಳಗೆ ಇರಬೇಕೆಂದು ನನ್ನ ಊಹೆ. ನಮ್ಮ ಮನೆಯ ಗೇಟಿನಲ್ಲೂ ಹಾಗೇ ಇತ್ತು, ಎಂಟೇ ತಿಂಗಳಿಗೆ ಬಲ್ಬು ಕೈಕೊಟ್ಟಿತು. ಬಿಳಿಯ ಮುಚ್ಚಳವನ್ನು ಬಿಚ್ಚಿ ನೋಡಿದರೆ ಹಳದಿ ಚುಕ್ಕಿಗಳಂಥ ಹರಳುಗಳಲ್ಲಿ ಒಂದರ ನಡುವೆ ಸಾಸಿವೆ ಕಾಳಿಗಿಂತ ಚಿಕ್ಕದಾದ ಕಪ್ಪು ಕಲೆಯಿತ್ತು. ಮಿಕ್ಕವೆಲ್ಲ ಚೆನ್ನಾಗಿದ್ದವು. ಹರಳುಗಳನ್ನು ಮಾಲೆಯಂತೆ ಒಂದರ ಹಿಂದೊಂದು ಜೋಡಿಸಿರುವುದರಿಂದ ಒಂದು ಸುಟ್ಟರೆ ಮಾಲೆ ಕಡಿದು ಎಲ್ಲವೂ ಆರುತ್ತವೆ. ಇನ್ನು ಕೆಲವು ಸಲ ಕೆಡುವುದು ಹರಳಲ್ಲ, ಹರಳುಗಳಿಗೆ ತಕ್ಕ ಕರೆಂಟು ಒದಗಿಸಲು ಬುಡದಲ್ಲಿರುವ ಡ್ರೈವರ್ ಎಂಬ ಸರ್ಕ್ಯೂಟಿನ ಕೆಪಾಸಿಟರ್ ಎಂಬ ಬಿಡಿಭಾಗ. ಎರಡಕ್ಕೂ ಶತ್ರು ಶಾಖವೇ. ಬುರುಡೆ ಬಲ್ಬು ತನ್ನ ಶಾಖವನ್ನು ಕಿರಣವಾಗಿ ಹೊರಗೆ ಸೂಸಿಬಿಡುತ್ತಿತ್ತು. ಎಲ್‌ಇಡಿಯ ಶಾಖ ಬುಡದ ಮೂಲಕವೇ ಗಾಳಿಗೆ ಇಳಿಯಬೇಕು, ಗೂಡಿನೊಳಗೆ ಗಾಳಿಯಾಡದಿದ್ದರೆ ಅದು ತನ್ನ ಬಿಸಿಯಲ್ಲಿ ತಾನೇ ಬೇಯುತ್ತದೆ. ಮಲೆನಾಡಿನಲ್ಲಿ ಸಿಡಿಲಿನ ಹೊಡೆತ ಮತ್ತು ವೋಲ್ಟೇಜ್ ಏರಿಳಿತವೂ ಇದಕ್ಕೆ ಸೇರಿಕೊಳ್ಳುತ್ತವೆ.

ಗೂಡಿನ ಕೆಳಭಾಗ ತೆರೆದಿರುವಂಥ ಹೊರಾಂಗಣ ದೀಪವನ್ನು ಹಾಕಿ, ಇಲ್ಲವೇ ವ್ಯಾಟ್ ಇಳಿಸಿ. ಗೇಟಿಗೆ 9 ವ್ಯಾಟ್ ಬೇಕಿಲ್ಲ, 5 ಸಾಕು. ಕೊಳ್ಳುವಾಗ ಗುಣಮಟ್ಟದ ಬಿಐಎಸ್ ಗುರುತು ಮತ್ತು ದೀಪ ಎಷ್ಟು ಮಿತವ್ಯಯಿ ಎಂದು ತಿಳಿಸುವ, 2018ರಿಂದ ಕಡ್ಡಾಯವಾಗಿರುವ ಬಿಇಇ ನಕ್ಷತ್ರದ ಚೀಟಿ ಡಬ್ಬದ ಮೇಲಿದೆಯೇ ಎಂದು ನೋಡಿ, ವಾರಂಟಿಯ ಅವಧಿ ಮುಗಿಯುವವರೆಗೆ ಡಬ್ಬವನ್ನೂ ರಸೀದಿಯನ್ನೂ ಎಸೆಯಬೇಡಿ. ಬೆಲೆಯ ಬಗ್ಗೆ ಒಂದು ಮಾತು: ಕೇಂದ್ರದ ಉಜಾಲಾ ಯೋಜನೆ 2015ರ ಜನವರಿಯಲ್ಲಿ ಆರಂಭವಾಯಿತು, ನಮ್ಮಲ್ಲಿ ‘ಹೊಸ ಬೆಳಕು’ ಹೆಸರಿನಲ್ಲಿ ಬಲ್ಬುಗಳನ್ನು ಹಂಚಲಾಯಿತು. ಒಂದು ಬಲ್ಬಿಗೆ ಮುನ್ನೂರು ರೂಪಾಯಿಗೂ ಹೆಚ್ಚಿದ್ದ ಸರ್ಕಾರಿ ಖರೀದಿ ದರ ಕೆಲವೇ ವರ್ಷಗಳಲ್ಲಿ ನಲವತ್ತರ ಆಸುಪಾಸಿಗೆ ಇಳಿದದ್ದು ಒಟ್ಟಾರೆ ಒಳ್ಳೆಯ ಬೆಳವಣಿಗೆಯೇ. ಆದರೆ ಸಂತೆಯಲ್ಲಿ ಗುರುತು, ಚೀಟಿ ಏನೂ ಇಲ್ಲದೆ ಅದಕ್ಕಿಂತಲೂ ಅಗ್ಗಕ್ಕೆ ಮಾರುವ ಬಲ್ಬುಗಳಲ್ಲಿ ಮೊದಲು ಕಡಿತವಾಗುವುದು ಬುಡದಲ್ಲಿ ಶಾಖ ಇಳಿಸುವ ಅಲ್ಯೂಮಿನಿಯಂ.

ಪ್ರಶ್ನೆ: ಸ್ವಿಚ್ ಆರಿಸಿದ ಮೇಲೂ ಮಲಗುವ ಕೋಣೆಯ ಎಲ್‌ಇಡಿ ಮಂಕಾಗಿ ಮಿನುಗುತ್ತಿರುತ್ತದೆ. ಹಳೆಯ ಬಲ್ಬಿನಲ್ಲಿ ಹೀಗಾಗುತ್ತಿರಲಿಲ್ಲ. ಇದರಿಂದ ಬಿಲ್ಲು ಏರುತ್ತದೆಯೇ? (ಓದುಗರೊಬ್ಬರು, ತುಮಕೂರು)

ಉತ್ತರ: ಬಿಲ್ಲು ಏರುವುದಿಲ್ಲ, ಆ ಮಿನುಗಿಗೆ ಬೇಕಾಗುವ ವಿದ್ಯುತ್ ಮೀಟರಿನ ಗಮನಕ್ಕೂ ಬಾರದಷ್ಟು ಅಲ್ಪ. ಸ್ವಿಚ್ಚಿನಲ್ಲಿ ಚಿಕ್ಕ ಇಂಡಿಕೇಟರ್ ದೀಪವಿದ್ದರೆ, ಇಲ್ಲವೇ ಅಕ್ಕಪಕ್ಕದ ತಂತಿಗಳಿಂದ ಕಿಂಚಿತ್ ವಿದ್ಯುತ್ ಸೋರಿದರೆ, ಅಷ್ಟರಲ್ಲೇ ಎಲ್‌ಇಡಿ ಮಿನುಗಬಲ್ಲದು. ಬುರುಡೆ ಬಲ್ಬಿನ ತಂತಿ ಅಷ್ಟಕ್ಕೆಲ್ಲ ಕಾಯುತ್ತಿರಲಿಲ್ಲವಾದ್ದರಿಂದ ನಿಮಗೆ ಈವರೆಗೆ ತಿಳಿದಿರಲಿಲ್ಲ.

ಆದರೆ ಇನ್ನೊಂದು ಕಾರಣವೂ ಇರಬಹುದು, ಅದು ಗಂಭೀರವಾದದ್ದು. ವೈರಿಂಗ್ ಮಾಡಿದವರು ಫೇಸ್ ತಂತಿಗೆ ಹಾಕಬೇಕಾದ ಸ್ವಿಚ್ಚನ್ನು ನ್ಯೂಟ್ರಲ್‌ಗೆ ಹಾಕಿದ್ದರೆ ಸ್ವಿಚ್ ಆರಿಸಿದಾಗಲೂ ಹೋಲ್ಡರಿನಲ್ಲಿ ಕರೆಂಟು ಇದ್ದೇ ಇರುತ್ತದೆ. ಬಲ್ಬು ಬದಲಿಸಲು ಹೋದವರಿಗೆ ಶಾಕ್ ಹೊಡೆಯುವುದು ಹೀಗೆಯೇ. ಇಂಡಿಕೇಟರ್ ಇಲ್ಲದ ಸ್ವಿಚ್ಚಾಗಿದ್ದರೆ ಎಲೆಕ್ಟ್ರಿಷಿಯನ್‌ರನ್ನು ಕರೆಸಿ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಮೇನ್ ಸ್ವಿಚ್ ಆರಿಸದೆ ಆ ಹೋಲ್ಡರಿಗೆ ಕೈ ಹಾಕಬೇಡಿ.

ಪ್ರಶ್ನೆ: ಐವತ್ತು ಕೋಳಿಮರಿ ತಂದಿದ್ದೇನೆ. ಗೂಡಿಗೆ 100 ವ್ಯಾಟಿನ ಬಲ್ಬಿನ ಬದಲು ಅಷ್ಟೇ ಬೆಳಕಿನ ಎಲ್‌ಇಡಿ ಹಾಕಿದರೆ ಕರೆಂಟು ಉಳಿಯುವುದಿಲ್ಲವೇ? ಸೇವಂತಿಗೆ ತೋಟಕ್ಕೆ ರಾತ್ರಿ ಹಾಕುವ ಬಲ್ಬುಗಳ ಬಗ್ಗೆಯೂ ತಿಳಿಸಿ. (ಓದುಗರೊಬ್ಬರು, ಚಿಂತಾಮಣಿ)

ಉತ್ತರ: ಕೋಳಿಗೂಡಿಗೆ ಬೇಡ. ಅಲ್ಲಿ ಬಲ್ಬು ಇರುವುದು ಬೆಳಕಿಗಿಂತ ಹೆಚ್ಚಾಗಿ ಕಾವಿಗೆ. ಮೊದಲ ವಾರ ಮರಿಗಳಿಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬರಬೇಕು. ಮರಿಯೊಂದಕ್ಕೆ 2 ವ್ಯಾಟ್ ಎಂಬ ರೂಢಿಯ ಲೆಕ್ಕದಂತೆ ನಿಮ್ಮ 100 ವ್ಯಾಟ್ ಸರಿಯಾಗಿದೆ. ಎಲ್ಲ ಕಡೆ ನಷ್ಟವೆಂದು ಎಣಿಸಿದ ತೊಂಬತ್ತೈದು ಪಾಲು ಶಾಖವೇ ಇಲ್ಲಿ ಉಪಯೋಗಕ್ಕೆ ಬರುವ ವಸ್ತು. ಎಲ್‌ಇಡಿ ಹಾಕಿದರೆ ಮರಿಗಳು ಅದರಡಿ ಒಂದರ ಮೇಲೊಂದು ಗುಡ್ಡೆಯಾಗಿ ನಿಂತು ಕೆಳಗಿನವು ಉಸಿರುಗಟ್ಟಬಹುದು. ಬಲ್ಬಿನಿಂದ ದೂರ ಸರಿದು ಕೊಕ್ಕು ತೆರೆದು ಏದುಸಿರು ಬಿಡುತ್ತಿದ್ದರೆ ಕಾವು ಹೆಚ್ಚಾಯಿತೆಂದು ತಿಳಿದು ಬಲ್ಬನ್ನು ಮೇಲಕ್ಕೆತ್ತಿ ಕಟ್ಟಿ.

ಸೇವಂತಿಗೆಯದು ಇದಕ್ಕೆ ತದ್ವಿರುದ್ಧ. ರಾತ್ರಿ ದೀರ್ಘವಾದಾಗ ಹೂ ಬಿಡುವ ಗಿಡ ಅದು; ನಡುರಾತ್ರಿ ಬೆಳಕು ಕೊಟ್ಟು ರಾತ್ರಿಯನ್ನು ತುಂಡರಿಸಿದರೆ ಮೊಗ್ಗು ಕಟ್ಟುವುದನ್ನು ಮುಂದೂಡಿ ಗಿಡ ಎತ್ತರಕ್ಕೆ ಬೆಳೆಯುತ್ತದೆ. ಗಿಡಕ್ಕೆ ಬೇಕಾದದ್ದು ಶಾಖವಲ್ಲ, ಬೆಳಕು, ಅದರಲ್ಲೂ ಕೆಂಪು ಬಣ್ಣದ ಅಂಶ. ಹಾಗಾಗಿ ಕೆಂಪು ಅಂಶ ಹೆಚ್ಚಿರುವ ಎಲ್‌ಇಡಿಗಳು ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ಬೀದಿದೀಪದಂಥ ನೀಲಿಬಿಳುಪಿನವನ್ನು ತರಬೇಡಿ. ಮೊದಲು ಒಂದೆರಡು ಸಾಲಿಗೆ ಹಾಕಿ ನೋಡಿ, ಆಮೇಲೆ ತೋಟವಿಡೀ ಬದಲಿಸಿ.

ಪ್ರಶ್ನೆ: ಮೈಸೂರು ಅರಮನೆಯಲ್ಲಿ ಅಷ್ಟೊಂದು ಹಳೆಯ ಬಲ್ಬುಗಳನ್ನು ಯಾಕೆ ಹಾಕುತ್ತಾರೆ? ಎಲ್‌ಇಡಿ ಹಾಕಬಹುದಲ್ಲ? (ಏಳನೇ ತರಗತಿಯ ವಿದ್ಯಾರ್ಥಿ, ಮೈಸೂರು)

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದ್ದೀಯ, ಪುಟ್ಟ. ಲೆಕ್ಕ ನಾವಿಬ್ಬರೂ ಸೇರಿ ಮಾಡೋಣ. ಅರಮನೆಯ ಹೊರಮೈಯಲ್ಲಿ ಸುಮಾರು 97,000 ಬಲ್ಬುಗಳಿವೆ. ಒಂದೊಂದೂ 15 ವ್ಯಾಟ್ ಎಂದು ಹಿಡಿದರೆ ಎಲ್ಲ ಸೇರಿ 1,455 ಕಿಲೋವ್ಯಾಟ್. ಭಾನುವಾರ ಸಂಜೆ 7ರಿಂದ 7.45ರವರೆಗೆ ಉರಿಸಿದರೆ ಮುಕ್ಕಾಲು ಗಂಟೆಗೆ ಸುಮಾರು 1,091 ಯೂನಿಟ್. ತಿಂಗಳಿಗೆ 90 ಯೂನಿಟ್ ಬಳಸುವ ಮನೆಗೆ ಇದು ಒಂದು ವರ್ಷಕ್ಕೆ ಸಾಕು. ಅಬ್ಬಾ ಎನ್ನಿಸುತ್ತದೆ, ಅಲ್ಲವೇ?

ಈಗ ಒಂದೇ ಬಲ್ಬಿನ ಲೆಕ್ಕ ಮಾಡು. ಭಾನುವಾರಗಳು, ರಜಾದಿನಗಳು, ದಸರೆಯ ರಾತ್ರಿಗಳು ಎಲ್ಲ ಸೇರಿ ವರ್ಷಕ್ಕೆ 75 ಗಂಟೆ ಉರಿಯುತ್ತದೆ ಎಂದುಕೊಂಡರೆ ಅದಕ್ಕೆ ಬೇಕಾದದ್ದು ಒಂದು ಯೂನಿಟ್‌ಗಿಂತ ಸ್ವಲ್ಪ ಹೆಚ್ಚು, ನಮ್ಮ ದರದಲ್ಲಿ ಆರೇಳು ರೂಪಾಯಿ. ಅಷ್ಟು ಉಳಿಸಲು 97,000 ಹೊಸ ದೀಪಗಳನ್ನು ಕೊಂಡು, ಗೋಪುರಗಳಿಗೆ ಆಳು ಹತ್ತಿಸಿ ಬದಲಿಸಿದರೆ ಹಾಕಿದ ಹಣ ಮರಳಲು ಹಲವು ವರ್ಷ ಬೇಕು. ಸ್ವಿಚ್ ಹಾಕಿದ ಕ್ಷಣ ಅರಮನೆ ಹೊನ್ನಿನ ಬಣ್ಣಕ್ಕೆ ತಿರುಗುವುದು ಆ ಕಾಯ್ದ ತಂತಿಗಳ ಬೆಳಕಿನಿಂದಲೇ ಎಂಬುದು ಇನ್ನೊಂದು ಕಾರಣ. ಹಣದ ಲೆಕ್ಕವನ್ನಷ್ಟೇ ನೋಡಿದರೂ ಸಾಕು: ಕುಂದಾಪುರದ ಓದುಗರ ದೇವರ ಕೋಣೆಯ ಒಂದು ಜೀರೋ ಬಲ್ಬು ಮೂರು ದಿನದಲ್ಲಿ ಖರ್ಚು ಮಾಡುವಷ್ಟು ವಿದ್ಯುತ್ತಿನಲ್ಲಿ ಅರಮನೆಯ ಒಂದು ಬಲ್ಬು ಹೆಚ್ಚುಕಡಿಮೆ ಇಡೀ ವರ್ಷ ಕಳೆಯುತ್ತದೆ.